ಕರಿಸಿದ್ದಪ್ಪನ ಸಕಾರ

ಹೊಳಲ್ಕೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ನಿಂತ ಪ್ರಯಾಣಿಕನ ಮುಂದೆ ಮೂರು ದುರ್ಗಗಳಿರುತ್ತವೆ. ಬರಿದೇ ‘ದುರ್ಗ’ ಎಂದರೆ ಚಿತ್ರದುರ್ಗ. ಜಿಲ್ಲೆಯ ಕೇಂದ್ರವಾದ್ದರಿಂದ ಅದಕ್ಕೆ ವಿಶೇಷಣದ ಹಂಗಿಲ್ಲ. ಮೊದಲಿಗೆ ‘ಹೊಸ’ ಸೇರಿದರೆ ಹೊಸದುರ್ಗ, ಅದು ಬೇರೆಯೇ ದಿಕ್ಕು. ‘ಬಿ.’ ಸೇರಿದರೆ ಬಿ.ದುರ್ಗ, ನಮ್ಮ ತಾಲ್ಲೂಕಿನದೇ ಹೋಬಳಿ ಊರು, ಅದು ಮತ್ತೊಂದು ದಿಕ್ಕು. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ತಪ್ಪು ಬಸ್ಸು ಹತ್ತಿ ತಪ್ಪು ದುರ್ಗದಲ್ಲಿ ಇಳಿದವರಿಗೆ ಕಾಣುವುದಿಲ್ಲ.

ಈ ಮೂರು ದುರ್ಗಗಳು ಒಂದರೊಳಗೊಂದು ಬೆರೆಯದಂತೆ ನೋಡಿಕೊಳ್ಳುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದವನು ನನ್ನ ಹಳೆಯ ವಿದ್ಯಾರ್ಥಿ ಕರಿಸಿದ್ದಪ್ಪ. ಬಸ್ ಏಜೆಂಟ್ ಎಂಬುದು ಅವನ ಹುದ್ದೆಯ ಹೆಸರು. ಕೆಲಸ ಮಾತ್ರ ಕೂಗುವುದು. ಬಸ್ಸು ಬಂದು ನಿಂತೊಡನೆ ಬಾಗಿಲ ಪಕ್ಕದಲ್ಲಿ ನಿಂತು ಊರಿನ ಹೆಸರು ಕೂಗಬೇಕು, ಜನರನ್ನು ಹತ್ತಿಸಬೇಕು, ತಗಡಿನ ಮೈಯನ್ನು ಎರಡು ಸಲ ತಟ್ಟಿ ಬಸ್ಸನ್ನು ಕಳಿಸಬೇಕು. ಅವನ ದನಿ ಎಂತಹದೆಂದರೆ, ನಾನು ಸಂತೆಬೀದಿಯ ನನ್ನ ಮನೆಯಲ್ಲಿ ಕುಳಿತೇ ಯಾವ ಬಸ್ಸು ಬಂದಿದೆ ಎಂದು ತಿಳಿಯುತ್ತಿದ್ದೆ.

ಶಾಲೆಯಲ್ಲಿದ್ದಾಗಲೂ ದನಿ ಇಷ್ಟೇ ದೊಡ್ಡದು. ಬೆಳಗಿನ ಪ್ರಾರ್ಥನೆಗೆ ‘ಸಾವಧಾನ್’ ಹೇಳುವುದು ಅವನ ಪಾಲಿನ ಕೆಲಸವಾಗಿತ್ತು. ಓದಿಸಿದರೆ ಮಾತ್ರ ಒಂದು ತೊಡಕು. ಶಕಾರ ಷಕಾರಗಳು ಅವನ ಬಾಯಿಗೆ ಬಂದದ್ದೇ ಇಲ್ಲ. ಶಾಲೆ ಸಾಲೆಯಾಗುತ್ತಿತ್ತು, ಭಾಷೆ ಬಾಸೆಯಾಗುತ್ತಿತ್ತು. ನಾನು ಕಪ್ಪುಹಲಗೆಯ ಮೇಲೆ ಬಾಯಿಯ ಚಿತ್ರ ಬರೆದು, ಶ ತಾಲವ್ಯ, ಷ ಮೂರ್ಧನ್ಯ, ಸ ದಂತ್ಯ ಎಂದು ತೋರಿಸಿಕೊಟ್ಟೆ. ಮರುದಿನ ಎಬ್ಬಿಸಿ ಕೇಳಿದೆ:

“ದಂತ್ಯ ಎಂದರೇನಪ್ಪ?”

“ದಂತದ್ದು ಸಾ. ಆನೇದು.”

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮೂರು ಅಕ್ಷರಗಳು ಮಾಡಬೇಕಾದ ಕೆಲಸವನ್ನು ಒಂದೇ ಸಕಾರದ ಮೇಲೆ ಹೊರಿಸಿ ಅವನು ಶಾಲೆ ಬಿಟ್ಟ. ಆ ಸಕಾರ ಅವನನ್ನು ಚೆನ್ನಾಗಿಯೇ ಸಾಕಿತು, ಹೋದ ಶ್ರಾವಣದವರೆಗೆ.

ಹೋದ ಶ್ರಾವಣದಲ್ಲಿ ಒಂದು ದಿನ, ಹೊರಟಿದ್ದ ಹೊಸದುರ್ಗದ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕಡೆಯ ಸಲ ಕೂಗುತ್ತಿದ್ದ. ನಾಯಿಯೊಂದು ಅಡ್ಡ ಬಂದು ಚಾಲಕ ಗಕ್ಕನೆ ನಿಲ್ಲಿಸಿದ. ಕರಿಸಿದ್ದಪ್ಪ ‘ಹೊ’ ಎಂದಿದ್ದನಂತೆ. ‘ಸ’ ಎನ್ನುವಷ್ಟರಲ್ಲಿ ಬಾಗಿಲ ಕಬ್ಬಿಣದ ಸರಳು ಬಾಯಿಗೆ ಬಡಿಯಿತು. ಮೇಲಿನ ಮುಂದಿನ ಎರಡು ಹಲ್ಲುಗಳು ಹೋದವು. ನಾಯಿಗೆ ಏನೂ ಆಗಲಿಲ್ಲ.

ಗಾಯ ಮಾಗಿತು. ಆದರೆ ಸಕಾರ ಬರಲಿಲ್ಲ. ತ, ದ, ನಗಳನ್ನು ಅವನು ಹೇಗೋ ಒಸಡಿಗೆ ನಾಲಿಗೆ ಒತ್ತಿ ನಿಭಾಯಿಸಿದ. ಸ ಮಾತ್ರ ಬರಿಯ ಗಾಳಿಯಾಗಿ ಹೊರಟು ಹೋಗುತ್ತಿತ್ತು. ಹೆಸರು ಕೇಳಿದರೆ ‘ಕರಿಹಿದ್ದಪ್ಪ’ ಎನ್ನುತ್ತಿದ್ದ. ಹೆಂಡತಿ ಅನುಸೂಯಳ ಹೆಸರಿಗೆ ಅಪಾಯವಾಗಲಿಲ್ಲ, ಏಕೆಂದರೆ ಮದುವೆಯಾದಂದಿನಿಂದ ಅವಳನ್ನು ಅವನು ‘ಲೇ ಇವಳೇ’ ಎಂದಲ್ಲದೆ ಕರೆದವನಲ್ಲ. ಅಪಾಯವಾದದ್ದು ಹೊಸದುರ್ಗಕ್ಕೆ. ‘ಹೊಹದುರ್ಗ, ಹೊಹದುರ್ಗ’ ಎಂದು ಅವನು ಕೂಗಿದರೆ, ಗದ್ದಲದಲ್ಲಿ ಕೇಳುವವರಿಗೆ ‘ಓ... ದುರ್ಗ, ಓ... ದುರ್ಗ’ ಎನ್ನಿಸುತ್ತಿತ್ತು. ಬರಿಯ ದುರ್ಗವೆಂದರೆ ಚಿತ್ರದುರ್ಗವಲ್ಲವೆ? ಮದುವೆ ಜವಳಿ ತರಲು ಚಿತ್ರದುರ್ಗಕ್ಕೆ ಹೊರಟಿದ್ದ ಒಂದು ಮನೆಯವರೆಲ್ಲ, ಅಜ್ಜಿಯಿಂದ ಮೊಮ್ಮಗನವರೆಗೆ, ಆ ಕರೆ ಕೇಳಿ ಸಂತೋಷದಿಂದ ಹತ್ತಿ, ನಿದ್ದೆ ಮಾಡಿ, ಹೊಸದುರ್ಗದಲ್ಲಿ ಇಳಿದರು.

ಬಸ್ ಮಾಲೀಕರ ಪೈಕಿ ಹಿರಿಯನೆನಿಸಿದ ಲಕ್ಷ್ಮೀಕಾಂತ್ ಮರುದಿನ ಕರಿಸಿದ್ದಪ್ಪನನ್ನು ಚಹದಂಗಡಿಗೆ ಕರೆಸಿದ. ನಾನೂ ಅಲ್ಲೇ ಪತ್ರಿಕೆ ಓದುತ್ತ ಕುಳಿತಿದ್ದೆ.

“ನೋಡಪ್ಪ, ನಿನ್ ಮ್ಯಾಲೆ ನಂಗೇನು ಸಿಟ್ಟಿಲ್ಲ. ಆದ್ರೆ ಆ ಅಜ್ಜಿ ಹೊಸದುರ್ಗದಾಗೆ ಇಳ್ದು ನಂಗೆ ಫೋನ್ ಹಚ್ಚಿ ಬೈದಿದ್ದು ಕೇಳಿದ್ರೆ ನಿಂಗೆ ಉಳಿದ ಹಲ್ಲೂ ಉದುರ್ತಿದ್ವು. ಈಗ ಕೂಗಾಕೆ ಮಿಷಿನ್ ಬಂದೈತೆ. ಗುಂಡಿ ಒತ್ತಿದ್ರೆ ಸಾಕು. ನೀನು ಹಲ್ಲು ಕಟ್ಟಿಸ್ಕಂಡು ಬರಾ ತನಕ ಅದು ಕೂಗ್ಲಿ. ಬಂದ ಮ್ಯಾಲೆ ನೀನಾ ಅದಾ ಅಂತ ನೋಡಾಣ.”

“ಮಿಹಿನ್ನು ಜನಾನ ಹತ್ತಿಹ್ತೈತಾ ಅಣ್ಣ?” ಎಂದ ಕರಿಸಿದ್ದಪ್ಪ.

“ಏನಂದೆ?”

“ಏನಿಲ್ಲ ಬಿಡು.”

ಹೀಗೆ ಒಬ್ಬ ಮನುಷ್ಯನ ಅನ್ನ ಒಂದು ಅಕ್ಷರದ ಮೇಲೆ ನಿಂತಿತು. ಮೊದಲು ಹಾಕಿ ತೆಗೆಯುವ ಹಲ್ಲು ಮಾಡಿಸಿ ನೋಡಿದ. ಮನೆಯಲ್ಲಿ ಮೆಲ್ಲಗೆ ಮಾತಾಡುವಾಗ ಅದು ಚೆನ್ನಾಗಿಯೇ ಇತ್ತು. ನಿಲ್ದಾಣದಲ್ಲಿ ಪೂರ್ತಿ ದನಿ ತೆಗೆದು ‘ಹೊಸ’ ಎಂದೊಡನೆ ಬಾಯಿಂದ ಹಾರಿ, ಕಿಟಕಿ ಪಕ್ಕ ಮಂಡಕ್ಕಿ ತಿನ್ನುತ್ತಿದ್ದ ಹೆಂಗಸಿನ ಪೊಟ್ಟಣದಲ್ಲಿ ಬಿತ್ತು. ಆಕೆ ಮಂಡಕ್ಕಿಯನ್ನೂ ಹಲ್ಲನ್ನೂ ಸೇರಿಸಿ ಅವನ ಕಡೆಗೇ ಎಸೆದಳು.

ಆಗ ಯಾರೋ ಹೇಳಿದರು, ಬೀಳದ ಹಲ್ಲೊಂದು ಬಂದಿದೆ, ಇಂಪ್ಲಾಂಟ್ ಅಂತ, ದುರ್ಗದಲ್ಲಿ ಬೃಂದಾ ಎಂಬ ಡಾಕ್ಟರಮ್ಮ ಹಾಕುತ್ತಾರೆ ಎಂದು. ಅನುಸೂಯ ಗಂಡನನ್ನು ಎಳೆದುಕೊಂಡು ಹೋದಳು. ಆ ಡಾಕ್ಟರಮ್ಮ ಒಳ್ಳೆಯವರು. ಚಿತ್ರ ತೋರಿಸಿ ವಿವರಿಸಿದರಂತೆ: ದವಡೆಯ ಮೂಳೆಯಲ್ಲಿ ಸಣ್ಣ ರಂಧ್ರ ಮಾಡಿ ಲೋಹದ ಸ್ಕ್ರೂ ಕೂರಿಸುತ್ತಾರೆ, ಕೆಲವು ತಿಂಗಳಲ್ಲಿ ಮೂಳೆ ಅದನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ, ಆಮೇಲೆ ಅದರ ಮೇಲೆ ಹಲ್ಲು ಬಿಗಿಯುತ್ತಾರೆ, ಕೂಗಿದರೂ ಬೀಳುವುದಿಲ್ಲ. ‘ಮೂಳೆಯಲ್ಲಿ ರಂಧ್ರ’ ಎಂಬ ಮಾತಿನ ಆಚೆಗೆ ಕರಿಸಿದ್ದಪ್ಪನಿಗೆ ಏನೂ ಕೇಳಿಸಲಿಲ್ಲ. ಹೆದರಿಕೆ ಇದೆಯೇ ಎಂದು ಅವರು ಕೇಳಿದ್ದಕ್ಕೆ ಅವನು ಪ್ರಾಮಾಣಿಕವಾಗಿ ಉತ್ತರ ಕೊಟ್ಟ:

“ಹೂಜಿ ಕಂಡ್ರೆ ಭಯ, ಅಮ್ಮ.”

“ಹೂಜಿನಾ? ನೀರಿನ ಹೂಜಿನಾ?”

“ಅಲ್ರಮ್ಮ, ಹೂಜಿ! ಚುಚ್ಚೋ ಹೂಜಿ!”

ಡಾಕ್ಟರಮ್ಮನಿಗೆ ಅರ್ಥವಾಗುವಷ್ಟರಲ್ಲಿ ಸಹಾಯಕಿ ಮೂಲೆಯಲ್ಲಿದ್ದ ನೀರಿನ ಹೂಜಿಯನ್ನು ಒಳಗಿಟ್ಟು ಬಂದಿದ್ದಳು.

ಅನುಸೂಯ ಕುರಿ ಸಾಕುವ ಮನೆಯವಳು. ಖರ್ಚಿಗೆಂದು ತಾನು ಸಾಕಿದ ಟಗರನ್ನು ಮಾರಿದಳು. ಕರಿಸಿದ್ದಪ್ಪ ಎರಡು ದಿನ ಅದರ ಗೂಟದ ಹತ್ತಿರ ಕುಳಿತು ಕೊರಗಿದ. ಅವಳು ಸಮಾಧಾನ ಹೇಳಿದ ರೀತಿ ಹೀಗೆ:

“ಅದೇನು ಎಂಟೂ ಹಲ್ಲು ಬಂದು ಬಾಯಿ ಗೂಡಿದ ಟಗರಲ್ಲ ತಗಾ. ಎರಡು ಹಲ್ಲಿನ ಟಗರು. ನಿನಗೂ ಬೇಕಾಗಿದ್ದು ಎರಡೇ ಹಲ್ಲು. ಸರಿಗೆ ಸರಿ ಹೋತು.”

ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಆ ದಿನ ಅನುಸೂಯಳಿಗೆ ಕೂಲಿಗೆ ಒಪ್ಪಿಕೊಂಡ ಕಳೆ ಕೀಳುವ ಕೆಲಸ ಬಿಡುವಂತಿರಲಿಲ್ಲ. ಗಂಡನಿಗೆ ಹೊಸ ಅಂಗಿ ಹಾಕಿಸಿ, ‘ದುರ್ಗದ ಬಸ್ಸು ಹತ್ತಿ ಹೋಗು’ ಎಂದು ಕಳಿಸಿದಳು. ಮಧ್ಯಾಹ್ನ ಹೊಲದಿಂದಲೇ ಫೋನು ಮಾಡಿದಳು.

“ಎಲ್ಲಿದೀಯ?”

“ದುರ್ಗದಾಗೆ ಇದೀನಿ.”

“ಆತಾ?”

“ಇನ್ನೂ ಇಲ್ಲ. ಕುಂತೀನಿ.”

“ಹೆದರ್ಬ್ಯಾಡ.”

“ಇಲ್ಲ.”

ಅವಳು ನೆಮ್ಮದಿಯಿಂದ ಕಳೆ ಕಿತ್ತಳು. ಸ್ವಲ್ಪ ಹೊತ್ತಿಗೆ ಬಿ.ದುರ್ಗದಲ್ಲಿರುವ ಅವಳ ಅಕ್ಕ ಜಯಕ್ಕ ಫೋನು ಮಾಡಿ, ದನಿ ತಗ್ಗಿಸಿ ಕೇಳಿದಳು:

“ಅನ್ಸೂಯಾ, ಮನೇಲಿ ಏನಾರ ಜಗಳ ಆತೇನೇ? ನಿನ್ ಗಂಡ ಹೊಸ ಅಂಗಿ ಹಾಕ್ಕಂಡು ಬಂದು ಬೆಳಗ್ಗಿಂದ ನಮ್ ಜಗುಲಿ ಮ್ಯಾಲೆ ಕುಂತವ್ನೆ. ಎರಡು ಸತಿ ಮುದ್ದೆ ಉಂಡ. ಎದ್ದು ಹೋಗ್ತಾ ಇಲ್ಲ.”

ವ್ಯಾಕರಣದ ಪ್ರಕಾರ ಅವನು ಹೆಂಡತಿಗೆ ಹೇಳಿದ್ದರಲ್ಲಿ ಒಂದು ಪದವೂ ಸುಳ್ಳಲ್ಲ. ದುರ್ಗದಲ್ಲಿಯೇ ಇದ್ದ, ಕುಳಿತೂ ಇದ್ದ. ಸಂಜೆ ಮನೆಗೆ ಬಂದವನು, ‘ದುರ್ಗ ಅಂದೆ, ದುರ್ಗದ್ದೇ ಹತ್ತಿದೆ, ಬೋರ್ಡು ನೋಡಲಿಲ್ಲ’ ಎಂದನಂತೆ. ಆ ಬೋರ್ಡುಗಳನ್ನು ಜೀವಮಾನವೆಲ್ಲ ಜನರಿಗೆ ಓದಿ ಹೇಳಿದವನ ಬಾಯಲ್ಲಿ ಈ ಮಾತು! ಅನುಸೂಯ ಜಗಳವಾಡಲಿಲ್ಲ. ಬೆಳಗಾಗುವುದನ್ನೇ ಕಾದು ನೇರವಾಗಿ ನನ್ನ ಮನೆಗೆ ಬಂದಳು.

“ಮೇಷ್ಟ್ರೆ, ನಮ್ಮನೇರಿಗೆ ಈ ಜಗತ್ತಿನಾಗೆ ನಿಮ್ಮೊಬ್ಬರ ಭಯ ಐತೆ. ಡಾಕ್ಟರಮ್ಮ ಇನ್ನೊಂದು ದಿನ ಕೊಟ್ಟವ್ರೆ. ನೀವು ಜೊತೇಲಿ ಹೋಗ್ರಿ.”

“ನನ್ನ ಭಯ ಸೂಜಿ ಭಯಕ್ಕಿಂತ ದೊಡ್ಡದೇನಮ್ಮ?”

“ಸಣ್ಣದಾದ್ರೂ ಪರವಾಗಿಲ್ಲ. ಬಸ್ಸಿನ ಕಿಟಕಿ ಕಡೆ ನೀವು ಕುಂತ್ಕಬ್ಯಾಡ್ರಿ, ಅವರನ್ನ ಕುಂದ್ರಿಸ್ರಿ. ಬಾಗಿಲ ಕಡೆ ನೀವಿರ್ರಿ.”

ಹಾಗೆಯೇ ಹೋದೆವು. ದುರ್ಗ ಹತ್ತಿರವಾಗುತ್ತಿದ್ದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣಿಸಿಕೊಂಡವು. ಉದ್ದನೆಯ ರೆಕ್ಕೆಗಳು ಮೆಲ್ಲಗೆ ತಿರುಗುತ್ತಿದ್ದವು. ನನಗೆ ಅವು ಪ್ರತಿ ಸಲವೂ ಚೆಂದ ಕಾಣುತ್ತವೆ. ಕರಿಸಿದ್ದಪ್ಪ ಅವನ್ನು ನೋಡಿ ಕಣ್ಣು ಮುಚ್ಚಿಕೊಂಡ.

“ಯಾಕಪ್ಪ?”

“ಅದೂ ತಿರುಗ್ತೈತೆ, ಇದೂ ತಿರುಗ್ತೈತೆ, ಮೇಹ್ಟ್ರೆ” ಎಂದು ತನ್ನ ಬಾಯಿ ತೋರಿಸಿದ. ಕೊರೆಯುವ ಯಂತ್ರ ಅವನ ಕಣ್ಣಮುಂದೆ ಅಷ್ಟು ದೊಡ್ಡದಾಗಿ ಬೆಳೆದಿತ್ತು.

ದವಾಖಾನೆಯಲ್ಲಿ ಮೊದಲು ರಕ್ತದ ಒತ್ತಡ ನೋಡಿದರು. ಹೆಚ್ಚಿತ್ತು.

“ತುಂಬಾ ಗಾಬರಿಯಾಗಿದ್ದೀರಾ?” ಎಂದರು ಡಾ. ಬೃಂದಾ.

“ಇಲ್ರಮ್ಮ. ಮೆಟ್ಲು ಹತ್ತಿ ಬಂದ್ನಲ್ಲ, ಅದಕ್ಕೆ.”

ದವಾಖಾನೆ ಇರುವುದು ನೆಲಮಹಡಿಯಲ್ಲಿ. ಬಾಗಿಲಿಗೆ ಒಂದೇ ಮೆಟ್ಟಿಲು. ಡಾಕ್ಟರಮ್ಮ ನಗಲಿಲ್ಲ, ಅದು ಅವರ ದೊಡ್ಡತನ. ಒತ್ತಡ ಇಳಿಯುವವರೆಗೆ ಕುಳ್ಳಿರಿಸಿ, ಕಾಯಿಲೆ, ಮಾತ್ರೆ ಎಲ್ಲ ಮತ್ತೊಮ್ಮೆ ವಿಚಾರಿಸಿ, ಆಮೇಲೆ ಒಳಗೆ ಕರೆದರು. ಅವನು ನನ್ನ ಅಂಗಿಯ ತುದಿ ಬಿಡಲಿಲ್ಲ. ಐವತ್ತು ದಾಟಿದ ಮನುಷ್ಯ, ಹೊಳಲ್ಕೆರೆಯ ಅರ್ಧ ಊರಿಗೆ ಕೇಳಿಸುವ ದನಿಯವನು, ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ ನಿಂತಿದ್ದ. ನನಗೂ ಒಂದು ಮುಖಗವಸು, ತಲೆಗೊಂದು ಟೋಪಿ ಕೊಟ್ಟು ಮೂಲೆಯಲ್ಲಿ ಕುಳಿತಿರಲು ಒಪ್ಪಿದರು.

ಕುರ್ಚಿ ಹಿಂದಕ್ಕೆ ವಾಲಿತು. ಡಾ. ಬೃಂದಾ ನಿಧಾನವಾಗಿ ಹೇಳಿದರು:

“ಈಗ ಮರಗಟ್ಟುವ ಚುಚ್ಚುಮದ್ದು ಕೊಡುತ್ತೇನೆ. ಇರುವೆ ಕಚ್ಚಿದ ಹಾಗೆ, ಅಷ್ಟೇ. ಆಮೇಲೆ ನೋವಿರಲ್ಲ, ಅದುರಿದ ಹಾಗೆ ಮಾತ್ರ ಗೊತ್ತಾಗುತ್ತೆ. ನಡುವೆ ಮಾತಾಡೋಕೆ ಹೋಗಬೇಡಿ. ನೋವಾದರೆ ಕೈಯಲ್ಲಿ ಕುರ್ಚಿ ತಟ್ಟಿ, ನಾನು ನಿಲ್ಲಿಸುತ್ತೇನೆ. ಸರೀನಾ?”

ಅವನು ತಲೆಯಾಡಿಸಿದ. ಕೇಳಿಸಿಕೊಂಡಿದ್ದನೋ ಇಲ್ಲವೋ ದೇವರೇ ಬಲ್ಲ. ಚುಚ್ಚುಮದ್ದು ಮುಗಿಯಿತು. ‘ಅಮ್ಮಾ’ ಎಂಬ ಒಂದು ಶಬ್ದ ಬಂತು. ಅದರಲ್ಲಿ ಸಕಾರವಿಲ್ಲದ್ದರಿಂದ ಬಹಳ ಸ್ಪಷ್ಟವಾಗಿತ್ತು. ತುಟಿ ಮರಗಟ್ಟಿದ ಮೇಲೆ ಡಾಕ್ಟರಮ್ಮ ಕೆಲಸ ಶುರು ಮಾಡಿದರು. ಯಂತ್ರ ಸಣ್ಣಗೆ ಗುಂಯ್ ಎಂದಿತು. ತಕ್ಷಣ ಕರಿಸಿದ್ದಪ್ಪನ ಬಲಗೈ ಕುರ್ಚಿಯ ತೋಳನ್ನು ತಟ್ಟಿತು: ಟಪ್ ಟಪ್.

ಡಾಕ್ಟರಮ್ಮ ನಿಲ್ಲಿಸಿದರು. “ನೋವಾಯಿತಾ? ಸರಿ, ಇನ್ನು ಸ್ವಲ್ಪ ಔಷಧಿ ಕೊಡೋಣ.” ಇನ್ನೊಂದು ಚುಚ್ಚುಮದ್ದು.

ಮತ್ತೆ ಯಂತ್ರ. ಮತ್ತೆ ಟಪ್ ಟಪ್. ಮತ್ತೆ ನಿಲ್ಲಿಸಿದರು, ಮತ್ತೆ ಚುಚ್ಚಿದರು. ಕರಿಸಿದ್ದಪ್ಪನ ಕಣ್ಣುಗಳು ಅಗಲವಾದವು. ಕಣ್ಣಂಚಿನಿಂದ ನೀರು ಇಳಿಯಿತು. ಮೂರನೆಯ ಸಲ ಯಂತ್ರ ಬಾಯಿಯ ಬಳಿ ಬಂದಾಗ ಅವನು ಕೈಯನ್ನು ಇನ್ನಷ್ಟು ಜೋರಾಗಿ ಬಡಿದ: ಟಪ್ ಟಪ್, ಟಪ್ ಟಪ್.

“ಇಷ್ಟು ಕೊಟ್ಟ ಮೇಲೆ ನೋವು ಇರಬಾರದಲ್ಲ!” ಎಂದು ಡಾಕ್ಟರಮ್ಮ ಚಿಂತೆಯಿಂದ ನನ್ನ ಕಡೆ ನೋಡಿದರು. ನನಗೇನು ತಿಳಿಯುತ್ತದೆ? ಅಷ್ಟರಲ್ಲಿ ಸಲಕರಣೆ ಹಿಡಿದು ನಿಂತಿದ್ದ ಸಹಾಯಕಿ ಮೇಘಶ್ರೀ ಮುಖಗವಸಿನೊಳಗೇ ಕಿಸಕ್ಕನೆ ನಕ್ಕಳು. ಅವಳು ದಿನವೂ ಖಾಸಗಿ ಬಸ್ಸಿನಲ್ಲಿ ಓಡಾಡುವ ಹುಡುಗಿ.

“ಮೇಡಂ, ಅದು ನಿಲ್ಲಿಸಿ ಅಂತ ಅಲ್ಲ. ಬಸ್ನಾಗೆ ಎರಡು ಸತಿ ತಟ್ಟಿದ್ರೆ ‘ರೈಟ್, ಹೋಗ್ಲಿ’ ಅಂತ. ನಿಲ್ಸಾಕೆ ಒಂದೇ ಏಟು. ಇವ್ರು ಹೊರಡಿ, ಹೊರಡಿ ಅಂತಾವ್ರೆ.”

ಡಾಕ್ಟರಮ್ಮ ಬಗ್ಗಿ ಕೇಳಿದರು: “ಹೌದಾ? ನೋವಿಲ್ಲವಾ?”

ಕರಿಸಿದ್ದಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ. ಬೇಗ ಮುಗಿಸಿ ಕಳಿಸಿಬಿಡಿ ಎಂದು ಅವನ ಕೈ ತನಗೆ ತಿಳಿದ ಭಾಷೆಯಲ್ಲಿ ಕೇಳಿಕೊಂಡಿತ್ತು. ಅದಕ್ಕೆ ಉತ್ತರವಾಗಿ ಜಗತ್ತಿನಲ್ಲಿ ಅವನು ಯಾವುದಕ್ಕೆ ಹೆದರುತ್ತಿದ್ದನೋ ಅದೇ ಎರಡು ಸಲ ಹೆಚ್ಚಾಗಿ ಸಿಕ್ಕಿತ್ತು. ಆಮೇಲೆ ಕೆಲಸ ಸರಾಗವಾಗಿ ಸಾಗಿತು. ಪ್ರತಿ ಹಂತಕ್ಕೂ ಡಾಕ್ಟರಮ್ಮ ‘ರೈಟ್?’ ಎನ್ನುವರು, ಅವನು ಟಪ್ ಟಪ್ ಎನ್ನಿಸುವನು. ಹೊಲಿಗೆ ಹಾಕಿ ಮುಗಿಸಿದಾಗ ಅವನು ತಾನಾಗಿಯೇ ಒಂದು ಏಟು ಹಾಕಿದ, ಬಸ್ಸು ನಿಂತಿತು.

“ಇಷ್ಟೇನಾ?” ಎಂದು ಕೇಳಬೇಕೆಂದಿದ್ದನಂತೆ. ಹೆಚ್ಚಿಗೆ ಬಿದ್ದ ಔಷಧಿಯಿಂದ ತುಟಿ, ಕೆನ್ನೆ, ಮೂಗು ಎಲ್ಲವೂ ಜೋಮು ಹಿಡಿದು ಅವನ ಬಾಯಿಂದ ಯಾವ ಅಕ್ಷರವೂ ಹೊರಡಲಿಲ್ಲ. ತಣ್ಣನೆಯದನ್ನು ತಿನ್ನಿರಿ, ಮುಂದಿನ ಹಲ್ಲಿಂದ ಕಚ್ಚಬೇಡಿ, ಎಲೆ ಅಡಿಕೆ ಹೊಗೆಸೊಪ್ಪು ಮುಟ್ಟಬೇಡಿ, ಕೂಗಬೇಡಿ ಎಂದು ಡಾಕ್ಟರಮ್ಮ ಹೇಳಿದರು. ಕಡೆಯದನ್ನು ಅವರು ಹೇಳಬೇಕಾಗಿರಲಿಲ್ಲ.

ಆ ತಿಂಗಳುಗಳಲ್ಲಿ ನಿಲ್ದಾಣದಲ್ಲಿ ಯಂತ್ರ ಕೂಗಿತು. ಕಂಬಕ್ಕೆ ಕಟ್ಟಿದ ಧ್ವನಿವರ್ಧಕ, ಅದರೊಳಗೆ ಒಬ್ಬ ಹೆಣ್ಣುಮಗಳ ಮಧುರ ಕಂಠ: “ಪ್ರಯಾಣಿಕರ ಗಮನಕ್ಕೆ. ಹೊಸದುರ್ಗ ಪಟ್ಟಣದ ಕಡೆಗೆ ತೆರಳಲಿರುವ ಬಸ್ಸು ಇನ್ನು ಕೆಲವೇ ಕ್ಷಣಗಳಲ್ಲಿ ನಿಲ್ದಾಣದಿಂದ ಹೊರಡಲಿದೆ.” ಉಚ್ಚಾರ ಶುದ್ಧ, ವಿಭಕ್ತಿ ಶುದ್ಧ, ನನಗಂತೂ ಕೇಳಿ ಕಿವಿ ತಣ್ಣಗಾಗುತ್ತಿತ್ತು. ತೊಂದರೆ ಏನೆಂದರೆ ನಮ್ಮ ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅದು ಬರುವಷ್ಟರಲ್ಲಿ ಬಸ್ಸು ನಿಜವಾಗಿಯೇ ಹೊರಟಿರುತ್ತಿತ್ತು. ಕರಿಸಿದ್ದಪ್ಪನ ಕೂಗಿನಲ್ಲಿ ಕ್ರಿಯಾಪದವೇ ಇರುತ್ತಿರಲಿಲ್ಲ. ಜನ ಆ ಹೆಣ್ಣುಮಗಳ ಮಾತನ್ನು ರೇಡಿಯೋ ಎಂದುಕೊಂಡು ಸುಮ್ಮನಿದ್ದರು, ಆಮೇಲೆ ಬಸ್ಸಿನ ಹಿಂದೆ ಓಡಿದರು. ಕರಿಸಿದ್ದಪ್ಪ ಚಹದಂಗಡಿಯ ಬೆಂಚಿನ ಮೇಲೆ ಕುಳಿತು, ಬಾಯಿ ಮುಚ್ಚಿಕೊಂಡು, ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಅದರಿಂದ ಸಂತೋಷವಾಯಿತು ಎಂದು ಹೇಳಿದರೆ ನಾನು ಅವನಿಗೆ ಅನ್ಯಾಯ ಮಾಡಿದಂತೆ. ಆಗಲಿಲ್ಲ ಎಂದರೆ ಸತ್ಯಕ್ಕೆ.

ಮೂಳೆ ಸ್ಕ್ರೂವನ್ನು ಹಿಡಿದಿದೆ ಎಂದು ಚಿತ್ರ ತೆಗೆದು ನೋಡಿದ ಮೇಲೆ, ಹಲ್ಲು ಕೂರಿಸುವ ದಿನಕ್ಕೆ ಮತ್ತೆ ಇಬ್ಬರೂ ಹೋದೆವು. ಈ ಸಲ ಅವನೇ ಕುರ್ಚಿಯ ಮೇಲೆ ಹತ್ತಿ ಕುಳಿತ. ಎರಡು ಹಲ್ಲುಗಳನ್ನು ಪರೀಕ್ಷೆಗೆಂದು ಕೂರಿಸಿ, ಕನ್ನಡಿ ತೋರಿಸಿ, ಡಾ. ಬೃಂದಾ ಹೇಳಿದರು:

“ನೋಡೋಕೆ ಚೆನ್ನಾಗಿವೆ. ಆದರೆ ಮಾತು ಸರಿ ಬರುತ್ತಾ ನೋಡಬೇಕು. ‘ಸ’ ಇರುವ ಪದ ಹೇಳಿ.”

“ಸರಸ್ವತಿ” ಎಂದೆ ನಾನು ಮೂಲೆಯಿಂದ, ಅಭ್ಯಾಸಬಲ.

“ಸರಸ್ವತಿ” ಎಂದ ಕರಿಸಿದ್ದಪ್ಪ. ಬಂತು. ಆದರೆ ಅವನ ಮುಖ ಅರಳಲಿಲ್ಲ. “ಮೆಲ್ಲಗೆ ಹೇಳಿದ್ರೆ ಆ ಹಾಕಿ ತೆಗಿಯೋ ಹಲ್ಲಿನಾಗೂ ಬರ್ತಿತ್ತಮ್ಮ. ನಂದು ಮೆಲ್ಲಗೆ ಹೇಳಾ ಕೆಲಸ ಅಲ್ಲ.”

“ಹಾಗಾದರೆ ಹೇಗೆ ಹೇಳ್ತೀರೋ ಹಾಗೇ ಹೇಳಿ.”

“ಇಲ್ಲೇನಾ?”

“ಇಲ್ಲೇ.”

ಅವನು ಕುರ್ಚಿಯಿಂದ ಇಳಿದ. ಕೊರಳ ಕೆಳಗಿನ ನೀಲಿ ಕಾಗದವನ್ನು ತೆಗೆಯದೆಯೇ ಕಾಲು ಅಗಲಿಸಿ ನಿಂತ. ಬಲಗೈಯನ್ನು ಬಾಯ ಪಕ್ಕ ಹಿಡಿದ. ಒಂದು ಕ್ಷಣ ಅಳುಕಿದ. ಇಷ್ಟು ತಿಂಗಳ ಮೇಲೆ ಬರದೆ ಹೋದರೆ ಎಂಬ ಭಯ ಅವನ ಕಣ್ಣಲ್ಲಿ ಕಂಡಿತು. ಮೂಳೆ ಕೊರೆಯುವಾಗ ಕೂಡ ಅಷ್ಟು ಭಯ ಕಂಡಿರಲಿಲ್ಲ. ಆಮೇಲೆ ಕೂಗಿದ:

“ಹೊಸದುರ್ಗಾ! ಹೊಸದುರ್ಗಾ! ಹೊಸದುರ್ಗ ಹೊಸದುರ್ಗ ಹೊಸದುರ್ಗಾ!”

ಗಾಜಿನ ಬೀರುವಿನಲ್ಲಿದ್ದ ಸಲಕರಣೆಗಳು ಝಲ್ಲೆಂದವು. ಹೊರಗೆ ಸರದಿಗೆ ಕುಳಿತವರಲ್ಲಿ ಗದ್ದಲವಾಯಿತು. ಬಾಗಿಲು ತೆರೆದು ನೋಡಿದರೆ, ಒಬ್ಬ ಮುದುಕಿ ಬಗಲಿಗೆ ಚೀಲ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಬಾಗಿಲ ಕಡೆಗೆ ಓಡುತ್ತಿದ್ದಾಳೆ. ಹೊಸದುರ್ಗದ ಕಡೆಯ ಏಕಾಂತಮ್ಮ ಎಂಬಾಕೆ. ಹುಳುಕು ಹಲ್ಲು ಕೀಳಿಸಲು ಬಂದು ತೂಕಡಿಸುತ್ತಿದ್ದಳಂತೆ.

“ಅಜ್ಜಿ, ನಿಂತ್ಕಳ್ರಿ! ಈಗ ನಿಮ್ಮ ಸರದಿ!” ಎಂದು ಮೇಘಶ್ರೀ ಕೂಗಿದಳು.

“ಬಸ್ ಬಂದೈತಲ್ಲವ್ವ!”

“ಬಸ್ಸಿಲ್ಲಜ್ಜಿ, ಸುಮ್ನೆ ಕೂಗಿದ್ದು” ಎಂದ ಕರಿಸಿದ್ದಪ್ಪ ಹಿಂದಿನಿಂದ. “ಹೋಗಿ ಕುಂತ್ಕ. ಏನೂ ಆಗಲ್ಲ. ಇರುವೆ ಕಚ್ಚಿದಂಗೆ.”

ಮುದುಕಿ ತಿರುಗಿ ಅವನನ್ನೂ ಅವನ ಕೊರಳ ನೀಲಿ ಕಾಗದವನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀನು ಹಂಗೆ ಕಿರುಚಿದ್ದು ಇರುವೆ ಕಚ್ಚಿದ್ದಕ್ಕೇನಪ್ಪ?” ಎಂದವಳೇ ಮೆಟ್ಟಿಲಿಳಿದು ಹೊರಟೇ ಹೋದಳು.

“ಒಬ್ಬ ರೋಗಿಯನ್ನ ಕಳೆದಿರಿ. ಆದರೆ ‘ಸ’ ಬಂತು” ಎಂದರು ಡಾ. ಬೃಂದಾ. ಹಲ್ಲುಗಳನ್ನು ಖಾಯಮ್ಮಾಗಿ ಬಿಗಿದು ಕಳಿಸಿದರು.

ಮಾರನೆಯ ಬೆಳಿಗ್ಗೆ ಕರಿಸಿದ್ದಪ್ಪ ನಿಲ್ದಾಣಕ್ಕೆ ಬಂದ. ನಾನು ಪತ್ರಿಕೆಯ ನೆಪದಲ್ಲಿ ಚಹದಂಗಡಿಗೆ ಹೋಗಿ ಕುಳಿತೆ. ಲಕ್ಷ್ಮೀಕಾಂತ್ ಯಂತ್ರವನ್ನು ಆರಿಸಿ, ‘ಕೂಗು ನೋಡಾಣ’ ಎಂದ. ಹೊಸದುರ್ಗದ ಬಸ್ಸು ಖಾಲಿ ನಿಂತಿತ್ತು. ಕರಿಸಿದ್ದಪ್ಪ ಕೂಗಿದ. ಹೋಟೆಲಿನಿಂದ, ಹೂವಿನಂಗಡಿಯಿಂದ, ಬೇವಿನ ಮರದ ನೆರಳಿನಿಂದ ಜನ ಎದ್ದು ಬಂದರು. ದುರ್ಗಕ್ಕೆ ಹೋಗುವವರು ಕದಲಲಿಲ್ಲ. ಬಸ್ಸು ತುಂಬಿತು, ಹೊರಟಿತು.

ಲಕ್ಷ್ಮೀಕಾಂತ್ ಅವನ ಬೆನ್ನು ತಟ್ಟಿದ.

“ಭೇಷ್. ಇದೇ ಬೇಕಾಗಿದ್ದು ನಂಗೆ. ಆ ಹೆಂಗಸಿನ ಮಾತು ಜನಕ್ಕೆ ಹಿಡಿಸ್ತಾ ಇಲ್ಲ. ನಿನ್ ದನಿನೇ ಮಿಷಿನ್ನಿಗೆ ತುಂಬಿಸಿಬಿ‌ಡ್ತೀನಿ. ಒಂದು ಸತಿ ಕೂಗಿಬಿಟ್ರೆ ಆತು. ಆಮ್ಯಾಕೆ ಜೀವ್ನದಾಗೆ ನೀನು ಗಂಟ್ಲು ಹರ್ಕಳಂಗೇ ಇಲ್ಲ.”

ಇದು ಉಪಕಾರವೆಂದೇ ಲಕ್ಷ್ಮೀಕಾಂತ್ ನಂಬಿದ್ದ. ಕರಿಸಿದ್ದಪ್ಪನ ಲೆಕ್ಕ ಬೇರೆಯಿತ್ತು. ಟಗರು ಹೋಗಿತ್ತು, ಮೂಳೆ ಕೊರೆಸಿಕೊಂಡದ್ದಾಗಿತ್ತು, ಒಂದಕ್ಕೆ ಮೂರು ಚುಚ್ಚಿಸಿಕೊಂಡದ್ದಾಗಿತ್ತು. ಗೆದ್ದ ದನಿಯನ್ನು ಈಗ ಪೆಟ್ಟಿಗೆಗೆ ಹಾಕಿ, ಅವನನ್ನು ಮನೆಗೆ ಕಳಿಸುವ ಮಾತು.

“ಆತಣ್ಣ, ತುಂಬ್ಸು” ಎಂದ.

ಲಕ್ಷ್ಮೀಕಾಂತ್ ಮೊಬೈಲು ಫೋನನ್ನು ಅವನ ಬಾಯ ಮುಂದೆ ಹಿಡಿದ. ಕರಿಸಿದ್ದಪ್ಪ ತುಟಿ ಒರೆಸಿಕೊಂಡು, ಉಸಿರೆಳೆದುಕೊಂಡು ಕೂಗಿದ:

“ಹೊಹದುರ್ಗಾ! ಹೊಹದುರ್ಗ ಹೊಹದುರ್ಗಾ!”

“ಏ, ಇದೇನೋ? ಈಗ ಸರಿಯಾಗಿ ಕೂಗಿದ್ಯಲ್ಲ! ಇನ್ನೊಂದು ಸತಿ ಕೂಗು.”

ಇನ್ನೊಂದು ಸಲ ಕೂಗಿಸಿದ. ಅದೂ ಹೊಹದುರ್ಗವೇ. ಮತ್ತೂ ಒಂದು ಸಲ ಕೂಗಿಸಿದ. ಬೆವರೊರೆಸಿಕೊಂಡದ್ದು ಮಾತ್ರ ಲಕ್ಷ್ಮೀಕಾಂತ್.

“ಹಲ್ಲು ಸರಿಯಾಗಿ ಕೂತಿಲ್ಲೇನೋ?”

“ಹಲ್ಲು ಗಟ್ಟಿ ಕೂತಾವಣ್ಣ” ಎಂದ ಕರಿಸಿದ್ದಪ್ಪ, ಬಹಳ ವಿನಯದಿಂದ. “ಮಿಸಿನ್ನು ಬಾಯಿ ಹತ್ರ ತಂದ್ರೆ ನಂಗೆ ಗಾಬರಿ ಆಗ್ತೈತೆ. ಬೇಕಾದ್ರೆ ಮೇಸ್ಟ್ರನ್ನ ಕೇಳು, ಡಾಕ್ಟರಮ್ಮನೇ ಹೇಳವ್ರೆ.”

ಲಕ್ಷ್ಮೀಕಾಂತ್ ನನ್ನ ಕಡೆ ತಿರುಗಿದ. ನಿಲ್ದಾಣದೊಳಕ್ಕೆ ದುರ್ಗದ ಬಸ್ಸು ಬರುತ್ತಿತ್ತು. ಯಂತ್ರ ಆರಿತ್ತು, ಕೂಗಲು ಬೇರೆ ಯಾರೂ ಇರಲಿಲ್ಲ.

“ಹೌದಪ್ಪ” ಎಂದೆ ನಾನು. “ಅವನು ಬಹಳ ಹೆದರುವ ರೋಗಿ.”